ಕೀಲು, ಗೆಣ್ಣು, ಮಾತು: ಒಂದು ಇಂಗ್ಲಿಷ್ ಪದದ ಹಿಂದೆ ಹೊರಟಾಗ

ವಿಜಯವಾಡದ ಬಂದರು ರಸ್ತೆಯಲ್ಲಿ ಬೆಂಜ್ ಸರ್ಕಲ್ ದಾಟಿ ಪೂರ್ವಕ್ಕೆ ಹೋದರೆ ಪಟಮಟ ಸಿಗುತ್ತದೆ. ಅದಕ್ಕೆ ಅಂಟಿಕೊಂಡೇ ಆಟೋನಗರವಿದೆ. 1960ರ ದಶಕದಲ್ಲಿ ಹುಟ್ಟಿದ ಈ ಕೇರಿ ಇಂದು ದೇಶದ ದೊಡ್ಡ ವಾಹನ ದುರಸ್ತಿ ನೆಲೆಗಳಲ್ಲಿ ಒಂದು. ಲಾರಿಗೆ ಬಾಡಿ ಕಟ್ಟುವವರು, ಕಮಾನುಪಟ್ಟಿ ಬಡಿಯುವವರು, ಬೇರಿಂಗ್ ಮಾರುವವರು, ವೆಲ್ಡಿಂಗ್ ಮಾಡುವವರು ಇಲ್ಲಿ ಸಾಲುಸಾಲಾಗಿ ಇದ್ದಾರೆ. ದುರಸ್ತಿಗೆ ಬರುವ ವಾಹನಗಳಲ್ಲಿ ಉದ್ದನೆಯ ಟ್ರೇಲರ್ ಲಾರಿಯೂ ಒಂದು. ಅದರಲ್ಲಿ ಮುಂದಿನ ಎಂಜಿನ್ ಗಾಡಿ ಬೇರೆ, ಹಿಂದಿನ ಹೇರುಗಾಡಿ ಬೇರೆ. ಹಿಂದಿನದರ ಅಡಿಯಿಂದ ಇಳಿಬಿದ್ದ ದಪ್ಪ ಕಿಂಗ್ ಪಿನ್ನು ಮುಂದಿನದರ ಬೆನ್ನಿನ ಮೇಲಿರುವ ತಟ್ಟೆಯಲ್ಲಿ ಕೂತು ತಿರುಗುತ್ತದೆ. ಆ ಒಂದು ಕೀಲು ಇರುವುದರಿಂದಲೇ ಅಷ್ಟುದ್ದದ ಗಾಡಿ ತಿರುವಿನಲ್ಲಿ ಹೊರಳುತ್ತದೆ.

ಕೆಲಸಗಾರರ ಬಾಯಲ್ಲಿ ಅದು ಟ್ರೇಲರ್. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ. 1988ರ ಮೋಟಾರು ವಾಹನ ಕಾಯ್ದೆಯ ಎರಡನೆಯ ಕಲಮು ಇಂಥ ಗಾಡಿಯನ್ನು ‘ಆರ್ಟಿಕ್ಯುಲೇಟೆಡ್ ವೆಹಿಕಲ್’ ಎನ್ನುತ್ತದೆ. ಅರೆ ಟ್ರೇಲರನ್ನು ಜೋಡಿಸಿಕೊಂಡ ಮೋಟಾರು ವಾಹನ ಎಂಬುದು ಅಲ್ಲಿನ ವ್ಯಾಖ್ಯೆ.

ಇದೇ ವಿಜಯವಾಡ ಕಾಲೇಜುಗಳಿಗೂ ತರಬೇತಿ ಕೇಂದ್ರಗಳಿಗೂ ಹೆಸರಾದ ಊರು. ಕೆಲಸದ ಸಂದರ್ಶನಕ್ಕೆ ತಯಾರಾಗುವ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಇಲ್ಲಾಗಲಿ ಒಂದೇ ಬುದ್ಧಿಮಾತು ಸಿಗುತ್ತದೆ: ‘ಆರ್ಟಿಕ್ಯುಲೇಟ್’ ಆಗಿರಬೇಕು. ಅಂದರೆ ತಡವರಿಸದೆ, ತೂಕವಾಗಿ, ತಿಳಿಯುವ ಹಾಗೆ ಮಾತಾಡಬೇಕು. ಲಾರಿಯ ಕಿಂಗ್ ಪಿನ್ನಿಗೂ ಪದವೀಧರನ ನಾಲಿಗೆಗೂ ಒಂದೇ ಪದ ಹೇಗೆ ಬಂತು? ಹಾಗೆ ಬಂದದ್ದರಿಂದ ಯಾರಿಗೆ ಏನಾಯಿತು? ಈ ಪದದ ಚರಿತ್ರೆಯಲ್ಲಿ ಮೈಯ ಎಲುಬಿದೆ, ವ್ಯಾಕರಣವಿದೆ, ಕರಾರುಪತ್ರವಿದೆ. ಜೊತೆಗೆ, ಒಂದು ತಪ್ಪು ತಿಳಿವಳಿಕೆಯಿಂದ ಶಾಲೆಗಳಲ್ಲಿ ತಮ್ಮ ಭಾಷೆಯನ್ನೇ ಕಳೆದುಕೊಂಡ ಮಕ್ಕಳೂ ಇದ್ದಾರೆ.

ಲ್ಯಾಟಿನ್ನಿನಲ್ಲಿ ‘ಆರ್ಟುಸ್’ ಎಂದರೆ ಮೈಯ ಕೀಲು. ಅದರ ಕಿರಿದು ರೂಪ ‘ಆರ್ಟಿಕುಲುಸ್’, ಅಂದರೆ ಚಿಕ್ಕ ಕೀಲು, ಬೆರಳಿನ ಗೆಣ್ಣು. ಗೆಣ್ಣು ಬೆರಳನ್ನು ಭಾಗಭಾಗವಾಗಿ ತೋರಿಸುತ್ತದೆ. ಆದ್ದರಿಂದ ಇಡಿಯಾದ ಯಾವುದರಲ್ಲೇ ಆಗಲಿ, ಬೇರೆಯಾಗಿ ಕಾಣುವ ಒಂದು ಭಾಗಕ್ಕೆ ಆರ್ಟಿಕುಲುಸ್ ಎನ್ನುವುದು ರೂಢಿಗೆ ಬಂತು. ವಾಕ್ಯದ ತುಂಡೂ, ಕಾನೂನಿನ ಕಲಮೂ, ಕಾಲದ ಒಂದು ಘಳಿಗೆಯೂ ಆರ್ಟಿಕುಲುಸ್ಸೇ ಆದವು.

ಈ ದಾರಿ ತುಳಿದವರಲ್ಲಿ ರೋಮನ್ನರು ಮೊದಲಿಗರಲ್ಲ. ಗ್ರೀಕಿನಲ್ಲಿ ಕೀಲಿಗೆ ‘ಆರ್ಥ್ರೋನ್’ ಎನ್ನುತ್ತಿದ್ದರು. ಗ್ರೀಕ್ ವ್ಯಾಕರಣಕಾರರು ನಾಮಪದದ ಹಿಂದೆ ಮುಂದೆ ಕೂರುವ ಚಿಕ್ಕ ಪದಗಳಿಗೆ ಇದೇ ಹೆಸರಿಟ್ಟರು. ಲ್ಯಾಟಿನ್ನಿನವರು ಅದನ್ನು ಆರ್ಟಿಕುಲುಸ್ ಎಂದು ಅನುವಾದಿಸಿಕೊಂಡರು. ಶಾಲೆಯಲ್ಲಿ ‘ಎ, ಆನ್, ದಿ’ಗಳನ್ನು ಆರ್ಟಿಕಲ್ ಎಂದು ಬಾಯಿಪಾಠ ಮಾಡುವ ಮಗು ನಿಜಕ್ಕೂ ಕೀಲಿನ ಹೆಸರನ್ನೇ ಹೇಳುತ್ತಿರುತ್ತದೆ.

ಮಾತಿಗೆ ಕೀಲನ್ನು ಖಚಿತವಾಗಿ ತಂದವನು ಅರಿಸ್ಟಾಟಲ್. ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆತ ಸದ್ದು, ಧ್ವನಿ, ಮಾತು ಈ ಮೂರನ್ನೂ ಬೇರೆ ಮಾಡುತ್ತಾನೆ. ಅವನ ಪ್ರಕಾರ, ಗಂಟಲಿನಿಂದ ಬರುವ ಧ್ವನಿಯನ್ನು ನಾಲಿಗೆಯು ಕೀಲುಕೀಲಾಗಿ ಬೇರ್ಪಡಿಸಿದಾಗ ಅದು ಮಾತಾಗುತ್ತದೆ. ಈ ಬೇರ್ಪಡಿಕೆಗೆ ಅವನು ಬಳಸಿದ ಪದ ‘ಡಯಾರ್ಥ್ರೋಸಿಸ್’. ಇಂದಿನ ಅಂಗರಚನಾಶಾಸ್ತ್ರದಲ್ಲಿ ಮೊಣಕಾಲು, ಭುಜದಂಥ ಚಲಿಸುವ ಕೀಲುಗಳಿಗೆ ಇದೇ ಹೆಸರಿದೆ. ಡಾಲ್ಫಿನ್ನಿಗೆ ಧ್ವನಿಯುಂಟು, ಆದರೆ ನಾಲಿಗೆ ಸಡಿಲವಿಲ್ಲದ್ದರಿಂದ ಮಾತಿಲ್ಲ ಎನ್ನುತ್ತಾನೆ. ಹುಟ್ಟು ಕಿವುಡರಿಗೆ ಧ್ವನಿಯಿದೆ, ಮಾತಿಲ್ಲ ಎಂದೂ ಅಲ್ಲೇ ಬರೆಯುತ್ತಾನೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ಅದರ ಬಾಲ ಉದ್ದವಿದೆ.

ಇಂಗ್ಲಿಷಿಗೆ ಈ ಪದ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಬಂದಾಗ ಅದು ಹಲವು ಕೆಲಸ ಮಾಡುತ್ತಿತ್ತು. ಬೇಡಿಕೆಗಳನ್ನು ಒಂದೊಂದೇ ಕಲಮಾಗಿ ಪಟ್ಟಿ ಮಾಡುವುದೂ ಆರ್ಟಿಕ್ಯುಲೇಟ್ ಮಾಡುವುದೇ ಆಗಿತ್ತು. ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಅರಸ ಬಂಡಾಯಗಾರರ ದೂರುಗಳ ಬಗ್ಗೆ ಮಾತಾಡುವಾಗ ಪದ ಈ ಅರ್ಥದಲ್ಲೇ ಬರುತ್ತದೆ. ಅದರ ಬಂಧುವಾದ ‘ಆರ್ಟಿಕಲ್ಸ್’ ಎಂದರೆ ಕಲಮುಗಳಾಗಿ ಬರೆದ ಕರಾರು. ಗುಮಾಸ್ತ ಕೆಲಸ ಕಲಿಯಲು ಸೇರುವ ಹುಡುಗ ಅಂಥ ಕರಾರಿಗೆ ಸಹಿ ಹಾಕುತ್ತಿದ್ದ. ಇಂದಿಗೂ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸಿಎ ವಿದ್ಯಾರ್ಥಿ ‘ಆರ್ಟಿಕಲ್‌ಶಿಪ್’ ಮಾಡುತ್ತಾನೆ. ಪತ್ರಿಕೆಗೆ ಆರ್ಟಿಕಲ್ ಬರೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತೋರುತ್ತದೆ, ಆದರೆ ಎರಡೂ ಒಂದೇ ಗೆಣ್ಣಿನಿಂದ ಒಡೆದ ಚಿಗುರು. ಸಂವಿಧಾನದ ‘ಆರ್ಟಿಕಲ್’ ಕನ್ನಡದಲ್ಲಿ ಅನುಚ್ಛೇದವಾಯಿತು. ಅದರಲ್ಲಿರುವ ಛೇದ ಎಂದರೆ ಕತ್ತರಿಸುವುದು. ಇಂಗ್ಲಿಷಿನವರು ಕೀಲು ಕಂಡಲ್ಲಿ ನಮ್ಮ ಅನುವಾದಕರಿಗೆ ಕತ್ತರಿಸಿದ ಗೆರೆ ಕಂಡಿತು.

ಎಲುಬಿನ ಅರ್ಥವೂ ಬಿಟ್ಟುಹೋಗಲಿಲ್ಲ. ಬಿಡಿ ಎಲುಬುಗಳನ್ನು ತಂತಿಯಿಂದ ಪೋಣಿಸಿ ಅಸ್ಥಿಪಂಜರ ನಿಲ್ಲಿಸುವವನಿಗೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ‘ಆರ್ಟಿಕ್ಯುಲೇಟರ್’ ಎನ್ನುತ್ತಿದ್ದರು. ಡಿಕನ್ಸನ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಮಿಸ್ಟರ್ ವೀನಸ್ ಎಂಬ ಪಾತ್ರದ ಕಸುಬು ಇದೇ. ಮುಂದೆ ಯಂತ್ರಗಳು ಬಂದವು. 1907ರಲ್ಲಿ ಹರ್ಬರ್ಟ್ ಗ್ಯಾರಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಒಂದು ಬಗೆಯ ರೈಲು ಎಂಜಿನ್ನಿಗೆ ಪೇಟೆಂಟ್ ಪಡೆದ. ನಡುವೆ ದೊಡ್ಡ ಬಾಯ್ಲರ್, ಹಿಂದೆ ಮುಂದೆ ಕೀಲಿನ ಮೇಲೆ ತಿರುಗುವ ಎರಡು ಚಕ್ರಗಾಡಿಗಳು: ಹೀಗಾಗಿ ಭಾರಿ ಎಂಜಿನ್ನೂ ತಿರುವಿನಲ್ಲಿ ಬಳುಕಬಲ್ಲದು. ವಿಶಾಖಪಟ್ಟಣದ ವಾಲ್ಟೇರಿನವರೆಗೆ ರೈಲು ಓಡಿಸುತ್ತಿದ್ದ ಬೆಂಗಾಲ್ ನಾಗಪುರ ರೈಲ್ವೆ ಇಂಥ ಗ್ಯಾರಟ್‌ಗಳನ್ನು ತರಿಸಿಕೊಂಡಿತು. ಅವುಗಳಲ್ಲೊಂದು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಎಂಜಿನಿಯರುಗಳ ಭಾಷೆಯಲ್ಲಿ ಇದೂ ‘ಆರ್ಟಿಕ್ಯುಲೇಟೆಡ್’. ಬೆಂಗಳೂರಿನ ರಸ್ತೆಯಲ್ಲಿ ಓಡಿದ, ನಡುವೆ ಕೊಳಲುಪೆಟ್ಟಿಗೆಯಂಥ ಮಡಿಕೆಯಿದ್ದ ಉದ್ದ ಬಸ್ಸಿಗೂ ಇದೇ ಪದ ಸಲ್ಲುತ್ತದೆ. ಜನ ಅದನ್ನು ವೆಸ್ಟಿಬ್ಯೂಲ್ ಬಸ್ ಎಂದು ಕರೆದರು.

ಉಚ್ಚಾರಣೆಯಲ್ಲೂ ಒಂದು ವಿಚಿತ್ರವಿದೆ. ಕ್ರಿಯಾಪದವಾದಾಗ ಇಂಗ್ಲಿಷಿನವರು ಕೊನೆಯನ್ನು ‘ಲೇಟ್’ ಎಂದು ಎಳೆದು ಹೇಳುತ್ತಾರೆ. ವಿಶೇಷಣವಾದಾಗ ಅದು ‘ಲಿಟ್’ ಎಂದು ಮೊಟಕಾಗುತ್ತದೆ. ಮಾಡುವ ಕೆಲಸಕ್ಕೆ ಒಂದು ದನಿ, ಮನುಷ್ಯನ ಗುಣಕ್ಕೆ ಇನ್ನೊಂದು. ಮುಂದೆ ತೊಂದರೆ ಹುಟ್ಟಿದ್ದು ಈ ಎರಡನೆಯದರಿಂದ.

ಅಲ್ಲಿಗೆ ಹೋಗುವ ಮುನ್ನ ಮತ್ತೆ ಪಟಮಟದ ರಸ್ತೆಗೆ ಬರಬಹುದು. ಬಂದರು ರಸ್ತೆ ಆಟೋನಗರ ದಾಟಿ ಕಂಕಿಪಾಡಿನ ಮೂಲಕ ಉಯ್ಯೂರಿಗೆ ಹೋಗುತ್ತದೆ. ಉಯ್ಯೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ, ಸುತ್ತ ಕಬ್ಬಿನ ಸೀಮೆ. ಅಲ್ಲಿನ ರೈತ ಕಬ್ಬಿನ ಗಂಟನ್ನು ‘ಕಣುಪು’ ಎನ್ನುತ್ತಾನೆ. ಮಂಡ್ಯದ ರೈತನಿಗೆ ಅದು ‘ಗೆಣ್ಣು’. ಬಿತ್ತನೆಗೆ ಕಬ್ಬಿನ ತುಂಡು ಕತ್ತರಿಸುವಾಗ ಗೆಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಕಣ್ಣು ಇರುವುದು ಅಲ್ಲೇ, ಮೊಳಕೆ ಒಡೆಯುವುದು ಅಲ್ಲೇ. ಬೆರಳಿಗೂ ಕಬ್ಬಿಗೂ ಕನ್ನಡದಲ್ಲಿ ಒಂದೇ ಗೆಣ್ಣು.

ಸಂಸ್ಕೃತದಲ್ಲಿ ಬಿದಿರು ಕಬ್ಬುಗಳ ಗೆಣ್ಣಿಗೆ ‘ಪರ್ವ’ ಎಂದು ಹೆಸರು. ಮಹಾಭಾರತದ ಭಾಗಗಳಿಗೂ ಪರ್ವ ಎನ್ನುತ್ತೇವೆ. ಗದುಗಿನ ಭಾರತದಲ್ಲಿ ಪರ್ವದ ಒಳಗೆ ‘ಸಂಧಿ’ಗಳಿವೆ. ಸಂಧಿಯೂ ಕೀಲೇ: ಮೊಣಕಾಲು ಹಿಡಿದಾಗ ವೈದ್ಯರು ಸಂಧಿವಾತ ಎನ್ನುತ್ತಾರೆ. ಗ್ರೀಕ್ ಆರ್ಥ್ರೋನ್‌ನಿಂದ ಬಂದ ‘ಆರ್ಥ್ರೈಟಿಸ್’ ಅದರ ಜೊತೆಗಾರ. ಲ್ಯಾಟಿನ್ನಿನ ಕೀಲು ಕಾಲದ ಘಳಿಗೆಯಾದ ಹಾಗೆಯೇ ನಮ್ಮ ಕೀಲೂ ಆಯಿತು. ಸಂಧಿಕಾಲ, ಪರ್ವಕಾಲ ಎನ್ನುತ್ತೇವೆ. ಪರ್ವವು ಪ್ರಾಕೃತದಲ್ಲಿ ‘ಪಬ್ಬ’ವಾಗಿ, ಹಳಗನ್ನಡದ ಪಕಾರ ಹಕಾರವಾದಾಗ ‘ಹಬ್ಬ’ವಾಯಿತು. ತೆಲುಗಿನಲ್ಲಿ ಅದು ಪಬ್ಬವಾಗಿಯೇ ಉಳಿದಿದೆ. ಯುಗಾದಿ ದೀಪಾವಳಿಗಳು ವರ್ಷವೆಂಬ ಕಬ್ಬಿನ ಗೆಣ್ಣುಗಳು. ಇನ್ನೂ ಹಿಂದೆ ಹೋದರೆ, ಲ್ಯಾಟಿನ್ನಿನ ಆರ್ಟುಸ್ ಮತ್ತು ಸಂಸ್ಕೃತದ ‘ಋತು’ ಎರಡೂ ‘ಸರಿಯಾಗಿ ಹೊಂದಿಸು’ ಎಂಬ ಒಂದೇ ಹಳೆಯ ಧಾತುವಿನಿಂದ ಬಂದವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು.

ಸಂಧಿ ಎಂಬ ಪದ ಬೀದಿಗೂ ಇಳಿದಿದೆ. ವಿಜಯವಾಡದ ಹಳೆಯ ಬಡಾವಣೆಗಳಲ್ಲಿ ಮನೆಮನೆಗಳ ನಡುವಿನ ಕಿರುದಾರಿಗೆ ‘ಸಂದು’ ಎನ್ನುತ್ತಾರೆ, ಕನ್ನಡದಲ್ಲಿ ‘ಸಂದಿ’. ಸಂದುನೋವು ಎಂದಾಗ ಸಂದು ಎಲುಬುಗಳು ಕೂಡುವ ಜಾಗ. ಸಂದಿಗೊಂದಿ ಎಂದಾಗ ಅದು ಗೋಡೆಗಳ ನಡುವಿನ ಬಿರುಕು. ಒಂದೇ ಪದ ಕೂಡುವುದನ್ನೂ ಅಗಲುವುದನ್ನೂ ಹೇಳುತ್ತದೆ. ಕೀಲಿನ ಸ್ವಭಾವವೇ ಅದು. ಪೂರ್ತಿ ಬೆಸೆದರೆ ಅದು ಕೀಲಲ್ಲ, ಬರೀ ಕಡ್ಡಿ. ಪೂರ್ತಿ ಬಿಟ್ಟರೆ ಮುರಿದ ಮೂಳೆ.

ಮಾತಿನಲ್ಲೂ ಹೀಗೇ ಎರಡು ಕೆಲಸಗಳಿವೆ. ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ವೆಂಗಿ ಚಾಲುಕ್ಯರ ಯುದ್ಧಮಲ್ಲನ ಒಂದು ಶಾಸನವಿದೆ. ಸಾವಿರ ವರ್ಷಕ್ಕೂ ಹಿಂದಿನದು, ತೆಲುಗು ಪದ್ಯದ ಅತಿ ಹಳೆಯ ಮಾದರಿಗಳಲ್ಲಿ ಒಂದು. ಅದರ ಛಂದಸ್ಸು ಮಧ್ಯಾಕ್ಕರ. ಕನ್ನಡ ಛಂದಸ್ಸಿನ ನಡುವಣಕ್ಕರಕ್ಕೆ ಅದು ಹತ್ತಿರದ ನಂಟು. ‘ಛಂದೋಂಬುಧಿ’ಯಲ್ಲಿ ಅಕ್ಕರಗಳ ಲಕ್ಷಣ ಬರೆದ ನಾಗವರ್ಮನ ಮನೆತನವೂ, ಆದಿಕವಿ ಪಂಪನ ಮನೆತನವೂ ವೆಂಗಿ ನಾಡಿನಿಂದ ಬಂದವು. ಆ ಕಾಲದ ಶಾಸನಗಳಲ್ಲಿ ಪದಪದದ ನಡುವೆ ಜಾಗವಿಲ್ಲ. ಅಕ್ಷರಗಳು ಒಂದೇ ಸಾಲಾಗಿ ಹರಿಯುತ್ತವೆ. ಎಲ್ಲಿ ಪದ ಮುಗಿಯಿತು, ಎಲ್ಲಿ ಹೊಸದು ಹುಟ್ಟಿತು ಎಂಬುದನ್ನು ಓದುಗನೇ ಕಂಡುಕೊಳ್ಳಬೇಕು. ಓದುವುದೆಂದರೆ ಗೆಣ್ಣು ಹುಡುಕುವುದು.

ಭಾರತದ ವೈಯಾಕರಣರು ಈ ಎರಡೂ ಕೆಲಸಗಳಿಗೆ ಹೆಸರಿಟ್ಟಿದ್ದರು. ವೇದವನ್ನು ಹರಿಯುವ ಮಾತಾಗಿ ಹೇಳಿದರೆ ಸಂಹಿತಾಪಾಠ. ಕೀಲು ಬಿಚ್ಚಿ ಪದಪದವಾಗಿ ಹೇಳಿದರೆ ಪದಪಾಠ. ಋಗ್ವೇದದ ಪದಪಾಠ ಶಾಕಲ್ಯನ ಹೆಸರಿನಲ್ಲಿದೆ, ಆತನನ್ನು ಪಾಣಿನಿಯೂ ನೆನೆಯುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಮೊದಲ ಪ್ರಕರಣವನ್ನೇ ಸಂಧಿಗೆ ಮೀಸಲಿಟ್ಟ. ಸದ್ದು ಹೊಕ್ಕುಳ ಬುಡದಿಂದ ಕಹಳೆಯ ಹಾಗೆ ಏಳುತ್ತದೆ ಎಂದು ಶುರುಮಾಡಿ, ಮುಂದೆ ಅಕ್ಷರಗಳು ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಬರುತ್ತಾನೆ. ಊರು, ಅಲ್ಲಿ ಸೇರಿದರೆ ಒಂದು ಸ್ವರ ಬಿದ್ದು ಊರಲ್ಲಿ. ಮರ, ಅನ್ನು ಸೇರಿದರೆ ನಡುವೆ ವಕಾರ ಬಂದು ಮರವನ್ನು. ಮಳೆ, ಕಾಲ ಸೇರಿದರೆ ಕಕಾರ ಮೆತ್ತಗಾಗಿ ಮಳೆಗಾಲ. ಈ ಕೊನೆಯ ಬಗೆಯದಕ್ಕೆ ತೆಲುಗಿನಲ್ಲಿ ಗಸಡದವಾದೇಶ ಸಂಧಿ ಎಂದು ಹೆಸರು.

ಇಲ್ಲಿ ಗ್ರೀಕರಿಗೂ ನಮ್ಮವರಿಗೂ ಒಂದು ವ್ಯತ್ಯಾಸವಿದೆ. ಅರಿಸ್ಟಾಟಲ್ ನಾಲಿಗೆಯ ಕೆಲಸವನ್ನು ಕೀಲಾಗಿಸುವುದು ಎಂದ. ಪ್ರಾತಿಶಾಖ್ಯಗಳನ್ನು ಬರೆದವರು ಬಾಯಿಯ ಕೆಲಸಕ್ಕೆ ಕೀಲಿನ ರೂಪಕ ಹಚ್ಚಲಿಲ್ಲ. ಸದ್ದು ಹುಟ್ಟುವ ಜಾಗ ಸ್ಥಾನ, ಅಲ್ಲಿಗೆ ಹೋಗಿ ತಾಗುವ ಅಂಗ ಕರಣ, ತಾಗುವ ಬಗೆ ಪ್ರಯತ್ನ ಎಂದರು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಇಂದಿಗೂ ಶಾಲೆಯಲ್ಲಿ ಕಲಿಸುವುದು ಆ ಲೆಕ್ಕವನ್ನೇ. ಕೀಲನ್ನು ಅವರು ಇಟ್ಟದ್ದು ಪದಪದ ಕೂಡುವಲ್ಲಿ, ಅಂದರೆ ಭಾಷೆಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ವಿಟ್ನಿ ಮುಂತಾದ ವಿದ್ವಾಂಸರು ಪ್ರಾತಿಶಾಖ್ಯಗಳನ್ನು ಅನುವಾದಿಸಿದರು, ಪಶ್ಚಿಮದ ಧ್ವನಿಶಾಸ್ತ್ರ ಅವುಗಳಿಂದ ಬಹಳ ಕಲಿಯಿತು. ‘ಸಂಧಿ’ ಎಂಬ ಪದವೇ ಇಂಗ್ಲಿಷಿಗೆ ಹೋಗಿ ನೆಲೆಸಿತು. ಚೀನೀ ಭಾಷೆಯ ಸ್ವರದ ಏರಿಳಿತ ಬದಲಾಗುವುದನ್ನು ವಿವರಿಸುವಾಗಲೂ ಭಾಷಾಶಾಸ್ತ್ರಜ್ಞರು ಇಂದು ‘ಟೋನ್ ಸಂಧಿ’ ಎನ್ನುತ್ತಾರೆ.

ಕೀಲು ಭಾಷೆಯದೋ ಮನುಷ್ಯನದೋ ಎಂಬುದು ಬರೀ ಪಂಡಿತರ ಪ್ರಶ್ನೆಯಾಗಿ ಉಳಿಯಲಿಲ್ಲ. ಇಂಗ್ಲಿಷ್ ಪದ ಮೊದಲು ಸದ್ದಿನ ಗುಣ ಹೇಳುತ್ತಿತ್ತು: ಬಿಡಿಬಿಡಿಯಾಗಿ ಕೇಳುವ ಸದ್ದು ಆರ್ಟಿಕ್ಯುಲೇಟ್. ಆಮೇಲೆ ಅದು ವಿಚಾರದ ಗುಣವಾಯಿತು: ಭಾಗಭಾಗವಾಗಿ ತಿಳಿಯುವಂತೆ ಜೋಡಿಸಿದ ವಾದ. ಕೊನೆಗೆ ಮನುಷ್ಯನ ಗುಣವಾಯಿತು. ಮೂರು ಬೇರೆಬೇರೆ ಸಂಗತಿಗಳು ಒಂದೇ ಪದದೊಳಗೆ ಬೆಸೆದುಹೋದವು. ಸದ್ದು ತಿಳಿಯಾಗಿಲ್ಲದವನ ಬುದ್ಧಿಯೂ ತಿಳಿಯಾಗಿಲ್ಲ ಎಂದು ನಂಬುವುದು ಸುಲಭವಾಯಿತು.

ಇದರ ಪೆಟ್ಟು ಮೊದಲು ಬಿದ್ದದ್ದು ಕಿವಿ ಕೇಳದ ಮಕ್ಕಳಿಗೆ. ಹುಟ್ಟು ಕಿವುಡರಿಗೆ ಮಾತಿಲ್ಲ ಎಂಬ ಅರಿಸ್ಟಾಟಲನ ಹೇಳಿಕೆಯನ್ನು ಅವರಿಗೆ ಬುದ್ಧಿಯಿಲ್ಲ ಎಂಬ ತೀರ್ಪಾಗಿ ಓದಿದವರು ಮುಂದಿನ ಶತಮಾನಗಳಲ್ಲಿ ಬಹಳ ಮಂದಿ. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಕೈಸನ್ನೆಗಿಂತ ಬಾಯಿಮಾತು ಪ್ರಶ್ನಾತೀತವಾಗಿ ಮೇಲು, ಆದ್ದರಿಂದ ಶಾಲೆಗಳಲ್ಲಿ ಬಾಯಿಮಾತಿನ ವಿಧಾನವನ್ನೇ ಹಿಡಿಯಬೇಕು ಎಂದು ಅಲ್ಲಿ ನಿರ್ಣಯವಾಯಿತು. ಬಾಯಿಮಾತಿಗೆ ಆ ಕಾಲದ ಶಿಕ್ಷಕರ ಇಂಗ್ಲಿಷಿನಲ್ಲಿ ಇದ್ದ ಪದ ‘ಆರ್ಟಿಕ್ಯುಲೇಷನ್’. ಯುರೋಪು, ಅಮೆರಿಕಗಳ ಶಾಲೆಗಳಲ್ಲಿ ಸನ್ನೆ ಮಾಡದಂತೆ ಮಕ್ಕಳನ್ನು ತಡೆದರು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಕೇಳಿಸದ ಸದ್ದನ್ನು ತುಟಿ ನೋಡಿ ನಕಲು ಮಾಡುವುದರಲ್ಲೇ ಎಷ್ಟೋ ಮಕ್ಕಳ ಶಾಲೆಯ ವರ್ಷಗಳು ಕಳೆದವು. ಅದೇ ವರ್ಷಗಳಲ್ಲಿ ಕಲಿಯಬಹುದಾಗಿದ್ದ ಲೆಕ್ಕ, ಚರಿತ್ರೆ, ವಿಜ್ಞಾನ ಹಿಂದೆ ಬಿದ್ದವು. ಭಾರತದ ಕಿವುಡರ ಶಾಲೆಗಳ ಮೇಲೂ ಈ ಧೋರಣೆಯ ನೆರಳು ಬಹುಕಾಲ ಇತ್ತು.

1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ, ಸನ್ನೆಭಾಷೆಯೂ ಬಿಡಿ ಘಟಕಗಳಿಂದ ಕಟ್ಟಿದ ಪೂರ್ಣ ಭಾಷೆ ಎಂದು ತೋರಿಸಿದರು. ಕೈಯ ಆಕಾರ, ಇರುವ ಜಾಗ, ಚಲನೆ: ನಮ್ಮವರ ಸ್ಥಾನ, ಕರಣ, ಪ್ರಯತ್ನಗಳನ್ನು ನೆನಪಿಸುವ ಲೆಕ್ಕವಿದು. ಮಿಲಾನಿನ ನಿರ್ಣಯದ ಬಗ್ಗೆ ಅದೇ ಸಮ್ಮೇಳನ ಪರಂಪರೆ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ, 130 ವರ್ಷಗಳ ಮೇಲೆ. ಭಾರತ ಸರ್ಕಾರ 2015ರಲ್ಲಿ ಭಾರತೀಯ ಸನ್ನೆಭಾಷೆಗೆ ಸಂಶೋಧನಾ ಕೇಂದ್ರ ತೆರೆಯಿತು. ಸನ್ನೆಭಾಷೆಯ ವಿದ್ವಾಂಸರು ಇಂದು ಕೈಗಳನ್ನು ‘ಆರ್ಟಿಕ್ಯುಲೇಟರ್’ ಎನ್ನುತ್ತಾರೆ. ಬೆರಳಿನ ಗೆಣ್ಣಿನಿಂದ ಹೊರಟ ಪದ ಎರಡು ಸಾವಿರ ವರ್ಷ ಸುತ್ತಾಡಿ ಬೆರಳಿನ ಗೆಣ್ಣಿಗೇ ಮರಳಿದೆ. ಆ ಬೆರಳುಗಳು ಮಾತಾಡುತ್ತವೆ ಎಂಬುದನ್ನು ಒಪ್ಪುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಪಾರ್ಶ್ವವಾಯು ಬಡಿದ ಮನೆಗಳಲ್ಲೂ ಇದೇ ಬೆಸುಗೆ ಕಾಡುತ್ತದೆ. ನಾಲಿಗೆ ತುಟಿಗಳ ಸ್ನಾಯು ಸೋತು ಮಾತು ಮುದ್ದೆಯಾದರೆ ವೈದ್ಯರು ‘ಡಿಸಾರ್ಥ್ರಿಯಾ’ ಎಂದು ಬರೆಯುತ್ತಾರೆ. ಅದರ ನಡುವೆ ಕೂತಿರುವುದೂ ಗ್ರೀಕರ ಆರ್ಥ್ರೋನ್. ಪದಗಳೇ ಕೈಗೆ ಸಿಗದೆ ಹೋಗುವ ತೊಂದರೆ ಬೇರೆ, ಅದು ‘ಅಫೇಸಿಯಾ’. ಡಿಸಾರ್ಥ್ರಿಯಾ ಮಾತ್ರ ಆದವರಿಗೆ ಹೇಳಬೇಕಾದದ್ದು ಗೊತ್ತಿದೆ, ವಾಕ್ಯ ಮನಸ್ಸಿನಲ್ಲಿ ಸಿದ್ಧವಿದೆ, ಬಾಯಿ ಮಾತ್ರ ಒಪ್ಪುತ್ತಿಲ್ಲ. ಆದರೂ ಮನೆಗೆ ಬಂದವರು ಅವರೆದುರಿಗೇ ‘ಇವರಿಗೆ ತಿಳಿಯುತ್ತದಾ?’ ಎಂದು ಮಗನನ್ನೋ ಸೊಸೆಯನ್ನೋ ಕೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಚಿಕಿತ್ಸಕರು ಮೊದಲು ಮಾಡುವ ಕೆಲಸಗಳಲ್ಲೊಂದು ಈ ಎರಡನ್ನು ಬೇರೆ ಮಾಡಿ ನೋಡುವುದು: ಕೆಟ್ಟಿರುವುದು ಸದ್ದೋ, ಭಾಷೆಯೋ?

ಹೊಗಳಿಕೆಯೂ ಪೆಟ್ಟಾಗಬಹುದು. 2007ರ ಜನವರಿಯಲ್ಲಿ ಸೆನೆಟರ್ ಜೋ ಬೈಡನ್ ತಮ್ಮ ಪಕ್ಷದ ಬರಾಕ್ ಒಬಾಮರನ್ನು ಹೊಗಳುತ್ತ ಬಳಸಿದ ವಿಶೇಷಣಗಳಲ್ಲಿ ‘ಆರ್ಟಿಕ್ಯುಲೇಟ್’ ಕೂಡ ಇತ್ತು. ಅಮೆರಿಕದ ಕರಿಯರಲ್ಲಿ ಬಹಳ ಮಂದಿಗೆ ಅದು ಚುಚ್ಚಿತು. ಹಾರ್ವರ್ಡಿನಲ್ಲಿ ಕಾನೂನು ಓದಿದವನು ಸರಿಯಾಗಿ ಮಾತಾಡುತ್ತಾನೆ ಎಂದು ಅಚ್ಚರಿಪಟ್ಟರೆ, ಅವನ ಜನ ಸಾಮಾನ್ಯವಾಗಿ ಹಾಗೆ ಮಾತಾಡುವುದಿಲ್ಲ ಎಂಬ ಎಣಿಕೆ ಅದರ ಹಿಂದಿರುತ್ತದೆ. ಬೈಡನ್ ವಿಷಾದ ವ್ಯಕ್ತಪಡಿಸಬೇಕಾಯಿತು. ನಮ್ಮಲ್ಲಿ ‘ಹಳ್ಳಿಯವನಾದರೂ ಚೆನ್ನಾಗಿ ಮಾತಾಡ್ತಾನೆ’ ಎನ್ನುವ ಮೆಚ್ಚುಗೆಯಲ್ಲಿ ಅಡಗಿರುವುದೂ ಅದೇ. ಹಕಾರ ಅಕಾರವಾಗುವ ಸೀಮೆಯ ಹುಡುಗಿ, ಇಂಗ್ಲಿಷಿನಲ್ಲಿ ತಡವರಿಸುವ ಡಿಪ್ಲೊಮಾ ಹುಡುಗ ಸಂದರ್ಶನದ ಮೇಜಿನ ಮುಂದೆ ಕೂತಾಗ ಈ ಒಂದು ಪದ ಜರಡಿಯಂತೆ ಕೆಲಸ ಮಾಡುತ್ತದೆ. ಅದೇ ಹುಡುಗ ತನ್ನ ಭಾಷೆಯಲ್ಲಿ ಒಂದು ಗೇರ್‌ಬಾಕ್ಸ್ ಏಕೆ ಸದ್ದು ಮಾಡುತ್ತಿದೆ ಎಂದು ಹಂತಹಂತವಾಗಿ ತಿಳಿಸಬಲ್ಲ. ಅದು ಆ ಮೇಜಿನ ಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಈ ಪದವನ್ನು ಕನ್ನಡದಲ್ಲಿ ಏನೆನ್ನಬೇಕು? ಸಂದರ್ಭ ನೋಡಿ ಬೇರೆಬೇರೆಯಾಗಿಯೇ ಹೇಳುವುದು ಒಳ್ಳೆಯದು. ಲಾರಿಗಾದರೆ ಕೀಲುಗಾಡಿ, ಸದ್ದಿಗಾದರೆ ಸ್ಪಷ್ಟ ಉಚ್ಚಾರಣೆ. ವಾಗ್ಮಿ, ಮಾತುಗಾರ ಎಂಬವು ಮನುಷ್ಯನಿಗೆ ಸಲ್ಲುವ ಪದಗಳು, ಆದರೆ ‘ಮಾತುಗಾರ’ ಎನ್ನುವಾಗ ಕನ್ನಡಿಗರ ಬಾಯಲ್ಲಿ ಸ್ವಲ್ಪ ಅನುಮಾನವೂ ಇರುತ್ತದೆ. ವಿಚಾರವನ್ನು ಆರ್ಟಿಕ್ಯುಲೇಟ್ ಮಾಡುವುದಕ್ಕೆ ಮನೆಮಾತಿನಲ್ಲಿ ಬಹಳ ಹಿಂದಿನಿಂದಲೂ ಒಂದು ಮಾತಿದೆ: ‘ಬಿಡಿಸಿ ಹೇಳು’. ಗಂಟು ಬಿಡಿಸುವ, ಸಿಪ್ಪೆ ಬಿಡಿಸುವ, ಸಂಧಿ ಬಿಡಿಸುವ ಅದೇ ಕ್ರಿಯಾಪದ. ತೆಲುಗಿನವರು ‘ವಿಡಮರಚಿ ಚೆಪ್ಪು’ ಎನ್ನುತ್ತಾರೆ. ಎರಡೂ ಕೆಲಸದ ಹೆಸರುಗಳು. ಬಿಡಿಸಿ ಹೇಳುವವನು ಎಂಬ ಜಾತಿಯೊಂದಿಲ್ಲ, ಬಿಡಿಸಿ ಹೇಳುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಬಾಯಿಂದ ಮಾಡಬಹುದು, ಬರೆದು ಮಾಡಬಹುದು, ಬೆರಳಿನಿಂದಲೂ ಮಾಡಬಹುದು. ಕೇಳುವವರಿಗೆ ತಾಳ್ಮೆಯಿದ್ದರೆ ತೊದಲುತ್ತಲೂ ಮಾಡಬಹುದು.

ಆಟೋನಗರದ ಶೆಡ್ಡುಗಳಲ್ಲಿ ಆ ಕೆಲಸ ಪ್ರತಿದಿನ ನಡೆಯುತ್ತದೆ. ಟ್ರೇಲರಿನ ಕಿಂಗ್ ಪಿನ್ನು ಎಲ್ಲಿ ಸವೆದಿದೆ, ಹೀಗೇ ಓಡಿಸಿದರೆ ಯಾವ ತಿರುವಿನಲ್ಲಿ ಏನಾಗುತ್ತದೆ ಎಂದು ಮೇಸ್ತ್ರಿ ಡ್ರೈವರನಿಗೆ ಗ್ರೀಸ್ ಮೆತ್ತಿದ ಬೆರಳಿನಲ್ಲಿ ತೋರಿಸಿ, ತೆಲುಗಿನಲ್ಲಿ ಬಿಡಿಸಿ ಹೇಳುತ್ತಾನೆ. ಡ್ರೈವರ್ ಬೇರೆ ರಾಜ್ಯದವನಾಗಿದ್ದರೆ ಅರ್ಧ ಹಿಂದಿ, ಅರ್ಧ ಕೈಸನ್ನೆ. ಡ್ರೈವರನಿಗೆ ಅರ್ಥವಾಗುತ್ತದೆ.